ಐದೈದು ಜನರ ದಿಬ್ಬಣ

ಯೋರಿಸನ ಮದುವೆ ದಿಬ್ಬಣಕ್ಕೆ ಮೂವತ್ತು ಜನ ಒಪ್ಪಿಕೊಂಡುಬಿಟ್ಟಿದ್ದರು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಹಿಂದಿನ ದಿನ ಸಂಜೆ ಸೇನೆ ಸರಕಾರವನ್ನು ಕಿತ್ತೊಗೆದು ತಾನೇ ಕುರ್ಚಿಯಲ್ಲಿ ಕುಳಿತಿತ್ತು. ಟಿವಿಯಲ್ಲಿ ಯಾವ ಚಾನೆಲ್ ಹಾಕಿದರೂ ಅದೇ ಬಾವುಟ, ಅದೇ ಕವಾಯತಿನ ವಾದ್ಯ. ನಡುನಡುವೆ ಸಮವಸ್ತ್ರದವನೊಬ್ಬ ಬಂದು, ದೇಶದ ಲಂಚವನ್ನೆಲ್ಲ ಗುಡಿಸಿ ಹಾಕುತ್ತೇವೆ, ಐದಕ್ಕಿಂತ ಹೆಚ್ಚು ಜನ ಒಂದೆಡೆ ಸೇರಕೂಡದು ಎಂದು ಓದಿ ಹೋಗುತ್ತಿದ್ದ. ಬೆಲ್ಜಿಯಮ್ಮಿನಿಂದ ಬಂದು ಬ್ಯಾಂಕಾಕಿನ ಮಕ್ಕಳಿಗೆ ಪಿಯಾನೊ ಕಲಿಸಿಕೊಂಡಿದ್ದ ಯೋರಿಸನಿಗೆ ರಾತ್ರಿಯಿಡೀ ನಿದ್ದೆ ಹತ್ತಿರಲಿಲ್ಲ. ಅವನ ಊರಿನಲ್ಲೂ ಸರಕಾರ ಬೀಳುತ್ತದೆ. ಬಿದ್ದರೆ ವರ್ಷವಾದರೂ ಇನ್ನೊಂದು ಏಳುವುದಿಲ್ಲ, ಅದು ಬೇರೆ ಮಾತು. ಆದರೆ ಬೀದಿಯ ಕೊನೆಗೆ ಟ್ಯಾಂಕು ಬಂದು ನಿಂತದ್ದನ್ನು ಅವನು ಕಂಡವನಲ್ಲ.

"ಈಗೇನು ಗತಿ ದೊಡ್ಡಮ್ಮಾ?" ಎಂದು ಬೆಳಗಾಗುತ್ತಲೇ ಮನೆಯೊಡತಿ ಬುನ್ರುವನ್ ದೊಡ್ಡಮ್ಮನನ್ನು ಕೇಳಿದ. ವರನ ಕಡೆಗೆ ತಾಯಿಯ ಜಾಗದಲ್ಲಿ ನಿಲ್ಲುವವಳು ಅವಳೇ.

"ಗತಿ ಏನ್ ಬಂತು? ನನ್ನ ಆಯುಸ್ಸಲ್ಲಿ ಇಂಥವು ಎಷ್ಟೋ ನೋಡಿದೀನಿ. ದೊಡ್ಡ ಮಗ ಹುಟ್ಟಿದ್ದೇ ಇಂಥ ಒಂದು ಗಲಾಟೇಲಿ. ಮಿಲಿಟರಿಯವರು ಇನ್ನೊಂದ್ಸಲ ಬರ್ತಾರಪ್ಪ, ಮುಹೂರ್ತ ಬರಲ್ಲ. ಹೋಗಿ ಸ್ನಾನ ಮಾಡು."

ಮುಹೂರ್ತದ ಮಾತು ಯೋರಿಸನನ್ನು ಇನ್ನಷ್ಟು ಹೆದರಿಸಿತು. ಈ ಬೆಳಗು ತಪ್ಪಿದರೆ ಈ ಜೋಡಿಗೆ ಎರಡು ವರ್ಷ ಗಳಿಗೆಯೇ ಇಲ್ಲ ಎಂದು ಜೋಯಿಸರು ಹೇಳಿದ್ದರು. ಹುಡುಗಿ ಮುಕ್ ಕಾಯಲು ತಯಾರಿದ್ದಳು. ಅವಳ ತಾಯಿ ಸಮ್ರುವೈ ತಯಾರಿರಲಿಲ್ಲ. "ಗೊಬ್ಬರದ ಅಂಗಡಿ ಹುಡುಗ ಇದ್ದೇ ಇದ್ದಾನೆ, ಅವನಿಗೆ ಮುಂದಿನ ತಿಂಗಳೇ ಕೂಡಿಬರುತ್ತೆ" ಎಂದು ಆಕೆ ಎಲ್ಲರೆದುರೇ ಹೇಳಿದ್ದಳು.

ಓಣಿಯವರೆಲ್ಲ ಸೇರಿ ತಲೆ ಕೆಡಿಸಿಕೊಂಡರು. ಬಾಡಿಗೆ ಬೈಕಿನ ತೊಂಗ್‌ಬೈ ದಾರಿ ಕಂಡುಹಿಡಿದ. "ಐದಕ್ಕಿಂತ ಜಾಸ್ತಿ ತಾನೇ ಬೇಡ ಅಂದಿರೋದು? ಐದೈದು ಜನ ಹೋಗೋಣ. ಒಂದು ಗುಂಪಿಗೂ ಇನ್ನೊಂದಕ್ಕೂ ಮಧ್ಯೆ ಒಂದು ಲೈಟ್ ಕಂಬ ಬಿಡೋಣ. ಕಾನೂನೂ ಉಳೀತು, ದಿಬ್ಬಣವೂ ಉಳೀತು!"

ದಿಬ್ಬಣ ಹೊರಟಿತು. ಡೋಲಿನವರು ಆರು ಜನರಿದ್ದರು. ಒಬ್ಬ ಡೋಲನ್ನು ಮನೆಯಲ್ಲಿಟ್ಟು, ಹಿಂದಿನ ಗುಂಪಿನಲ್ಲಿ ಬಾಳೆಗಿಡ ಹೊತ್ತು ಗೊಣಗುತ್ತ ನಡೆದ. ಡೋಲು ಮುಂದೆಲ್ಲೋ ಬಡಿಯುತ್ತಿದ್ದರೆ ಕುಣಿಯುವವರು ಎರಡು ಕಂಬ ಹಿಂದಿದ್ದರು, ತಾಳ ತಲುಪುವಾಗ ಹೆಜ್ಜೆ ಬೇರೆ ಕಡೆ ಹೋಗಿರುತ್ತಿತ್ತು. ಲಾಟರಿ ಮಾರುವವಳೊಬ್ಬಳು ಸಿಹಿತಿಂಡಿ ತಟ್ಟೆಯವರ ಜೊತೆ ಮಾತಾಡುತ್ತ ಹೆಜ್ಜೆ ಹಾಕಿದಳು. ಆರು ಜನರಾದೆವೆಂದು ಗಾಬರಿಯಾಗಿ ಅವರು ಓಡತೊಡಗಿದರೆ, ಪಾಪ, ಅವಳೂ ಏನೋ ಆಯಿತೆಂದು ಜೊತೆಗೇ ಓಡಿದಳು.

ಕೊನೆಯ ಗುಂಪಿನಲ್ಲಿ ಯೋರಿಸ್, ವೀಳ್ಯದ ತಟ್ಟೆ ಹಿಡಿದ ದೊಡ್ಡಮ್ಮ, ತೊಂಗ್‌ಬೈ ಮತ್ತಿಬ್ಬರು. ರೇಷ್ಮೆ ಕಚ್ಚೆಗೆ ಜೇಬಿಲ್ಲದ್ದರಿಂದ ಯೋರಿಸನ ಫೋನು ದೊಡ್ಡಮ್ಮನ ಚೀಲದಲ್ಲಿತ್ತು. ಸೊಂಟಪಟ್ಟಿಯಲ್ಲಿ ಸಿಕ್ಕಿಸಿಕೊಂಡದ್ದು ಬರೀ ದುಡ್ಡಿನ ಲಕೋಟೆಗಳು. ಒಂದು ವಾರದಿಂದ ಅವನಿಗೆ ದೊಡ್ಡಮ್ಮನಿಂದ ಒಂದೇ ಪಾಠವಾಗಿತ್ತು: "ನೋಡಪ್ಪ, ಹೆಣ್ಣಿನ ಕಡೆಯವರು ಮೊದಲನೇ ಬಾಗಿಲು, ಚಿನ್ನದ ಬಾಗಿಲು ಅಂತ ದಾರಿಗೆ ಅಡ್ಡ ಕಟ್ಟಿ ನಿಲ್ತಾರೆ. ಯಾಕೆ, ಏನು ಅಂತ ಕೇಳಬೇಡ. ನಕ್ಕು ಕೈಮುಗಿ, ಲಕೋಟೆ ತುರುಕು, ಮುಂದೆ ನಡಿ. ಜಿಪುಣ ಅನ್ನಿಸಿಕೊಂಡೀಯ, ಜೋಕೆ!"

ಕಾಲುವೆಯ ಸೇತುವೆಗೆ ಅಡ್ಡಲಾಗಿ ಹಗ್ಗ ಕಟ್ಟಿತ್ತು. ಹಗ್ಗದ ಹಿಂದೆ ಒಬ್ಬ ಹವಿಲ್ದಾರ, ಒಬ್ಬ ಸಿಪಾಯಿ. ಮುಂದಿನ ಗುಂಪುಗಳನ್ನು ಐದೈದೇ ಜನರೆಂದು ಎಣಿಸಿ ಬಿಟ್ಟಿದ್ದರು. ಬೀದಿಯ ಹೆಂಗಸರು ಬೆಳಗ್ಗೆಯೇ ಬಂದು ಅವರ ಬಂದೂಕಿನ ತುದಿಗೆ ಗುಲಾಬಿ ಸಿಕ್ಕಿಸಿ, ಕೊರಳಿಗೆ ಮಲ್ಲಿಗೆ ಹಾಕಿ, ಫೋಟೋ ತೆಗೆಸಿಕೊಂಡು ಹೋಗಿದ್ದರು. ಯೋರಿಸನಿಗೆ ಕಂಡದ್ದು ಹೂವು, ಹಗ್ಗ ಮತ್ತು ನಗುಮುಖ. ಮುಕ್‌ಳಿಗೆ ಇಬ್ಬರು ಅಣ್ಣಂದಿರು ಇದ್ದಾರೆಂದು ಗೊತ್ತೇ ಇರಲಿಲ್ಲವಲ್ಲ ಎಂದುಕೊಂಡ.

"ಎಲ್ಲಿಗೆ?" ಎಂದ ಹವಿಲ್ದಾರ.

ಯೋರಿಸ್ ನಕ್ಕ, ಕೈಮುಗಿದ, ಲಕೋಟೆಯನ್ನು ಹವಿಲ್ದಾರನ ಅಂಗಿಯ ಜೇಬಿಗೆ ತುರುಕಿದ. ಪಕ್ಕದವನಿಗೂ ಒಂದು ತುರುಕಿದ.

"ಇದೇನಿದು?"

"ನಿಮ್ಮ ಹಕ್ಕು, ಇಟ್ಕೊಳ್ಳಿ. ಸಾಲದಾ? ಇನ್ನೂ ಇದೆ! ಬೇಗ ಬಿಟ್ಟುಬಿಡಿ ಅಣ್ಣಾ, ಅಲ್ಲಿ ಹುಡುಗಿ ಕಾಯ್ತಾ ಇದ್ದಾಳೆ."

ದೊಡ್ಡಮ್ಮನ ಕೈಯಿಂದ ವೀಳ್ಯದ ತಟ್ಟೆ ಜಾರಿ ಬಿತ್ತು. ತೊಂಗ್‌ಬೈ ಕುಣಿಯುತ್ತಿದ್ದವನು ಒಂದು ಕಾಲು ಎತ್ತಿದ್ದು ಎತ್ತಿದಂತೆಯೇ ನಿಂತ. ಲಂಚ ಗುಡಿಸಲು ಬಂದ ಸೇನೆಗೆ, ಬಂದ ಮರುದಿನವೇ, ಹಾಡಹಗಲಲ್ಲಿ ಲಂಚ! ಹವಿಲ್ದಾರ ಕೆಂಪಗಾದ. ಮುಂದಿನ ಗಳಿಗೆಯಲ್ಲಿ ಮದುಮಗ ಲಾರಿಯಲ್ಲಿದ್ದ.

"ಅಯ್ಯೋ, ನಮ್ಮ ಪರಂಗೀನ ಹಿಡ್ಕೊಂಡು ಹೋದ್ರಲ್ಲಪ್ಪೋ!" ಎಂದು ದೊಡ್ಡಮ್ಮ ಸೇತುವೆ ದಾಟಿ ಹುಡುಗಿಯ ಮನೆಯ ಕಡೆಗೆ ಓಡಿದಳು. ಅವಳ ಚೀಲದಲ್ಲಿ ಯೋರಿಸನ ಫೋನೂ ಓಡಿತು.

ಸೇನೆ ಬೀಡುಬಿಟ್ಟದ್ದು ಕಾಲುವೆ ಪಕ್ಕದ ಒಂದು ಶಾಲೆಯಲ್ಲಿ. ಯೋರಿಸನನ್ನು ಒಂದನೇ ತರಗತಿಯ ಪುಟ್ಟ ಬೆಂಚಿನ ಮೇಲೆ ಕೂರಿಸಿದರು, ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ತಾನು ಮಾಡಿದ ತಪ್ಪೇನೆಂದು ಅವನಿಗೆ ಇನ್ನೂ ಹೊಳೆದಿರಲಿಲ್ಲ. ಹೊಳೆಯುತ್ತಿದ್ದದ್ದು ಗೊಬ್ಬರದ ಅಂಗಡಿಯವನ ಮುಖವೊಂದೇ.

ನಿದ್ದೆಗೆಟ್ಟು ಕಣ್ಣು ಊದಿಸಿಕೊಂಡಿದ್ದ ಮೇಜರ್ ತೀರಫಟ್ ಲಕೋಟೆ ಹರಿದ. ಒಳಗಿದ್ದದ್ದು ಒಂದು ಬಟ್ಟಲು ನೂಡಲ್ಸಿಗೂ ಸಾಲದ ನೋಟು. ಅವನಿಗೆ ಲಂಚಕ್ಕಿಂತ ಅದೇ ಹೆಚ್ಚು ಚುಚ್ಚಿತು.

"ಏನಯ್ಯಾ, ಸೇನೆಯ ಬೆಲೆ ಇಷ್ಟೇನಾ?"

"ಮೊದಲನೇ ಬಾಗಿಲಿಗೆ ಇಷ್ಟೇ ಸಾಕು ಅಂದ್ರು ಸಾರ್. ಚಿನ್ನದ ಬಾಗಿಲಿಗೆ ಜಾಸ್ತಿ ಇದೆ."

"ಚಿನ್ನದ ಬಾಗಿಲು? ಯಾರದ್ದು ಅದು? ಎಷ್ಟು ಜನ ಇದ್ದೀರಿ ನೀವು?"

"ಮೂವತ್ತು ಜನ ಸಾರ್. ಐದೈದು ಜನರ ಗುಂಪು ಮಾಡಿಕೊಂಡು ಬಂದ್ವಿ, ನಿಮಗೆ ಗೊತ್ತಾಗಬಾರದು ಅಂತ."

ಮೇಜರ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಆಗಲೇ ಅವನ ಕಣ್ಣು ರೇಷ್ಮೆ ಕಚ್ಚೆಯ ಮೇಲೆ ಬಿತ್ತು, ಆಮೇಲೆ ಜರಿಯ ಸೊಂಟಪಟ್ಟಿಯ ಮೇಲೆ. ನಂತರ ಎಂಥ ನಗು ನಕ್ಕನೆಂದರೆ ಬಾಗಿಲ ಸಿಪಾಯಿ ಬಂದೂಕು ಸರಿಮಾಡಿಕೊಂಡ.

"ನನ್ನ ಮದುವೇಲಿ ನಾದಿನೀರು ಕೈಗಡಿಯಾರಾನೂ ಬಿಚ್ಚಿಸಿಕೊಂಡಿದ್ರು ಮಾರಾಯ! ಮುಹೂರ್ತ ಎಷ್ಟು ಹೊತ್ತಿಗೆ? ಅಯ್ಯೋ, ಇನ್ನೇನು ಬಂತಲ್ಲ! ಏಳು ಏಳು, ನಾನೇ ಬಿಟ್ಟುಬರ್ತೀನಿ."

ಜೀಪು ರಸ್ತೆಯಲ್ಲಿ ಸೈರನ್ ಹಾಕಿಕೊಂಡು ಹಾರಿತು. ಟ್ಯಾಂಕುಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಯೋರಿಸನಿಗೆ ಸಂತೋಷದಿಂದ ಅಳುವೇ ಬಂತು. ಮೇಜರನ ಕೈ ಹಿಡಿದುಕೊಂಡು, ಹುಟ್ಟುವ ಮಗುವಿಗೆ ನಿಮ್ಮದೇ ಹೆಸರಿಡುತ್ತೇನೆ ಎಂದ.

ಹುಡುಗಿಯ ಮನೆಯ ಬಾಗಿಲಲ್ಲಿ ಯಾರೂ ಅಡ್ಡ ನಿಂತಿರಲಿಲ್ಲ. ಒಳಗೂ ಯಾರೂ ಇರಲಿಲ್ಲ. ಧಾರೆಯ ಶಂಖ ಇತ್ತು, ಹೂವಿತ್ತು, ಪಾತ್ರೆಗಳಲ್ಲಿ ಸಾರು ಆರುತ್ತಿತ್ತು. ಮೂಲೆಯ ಕುರ್ಚಿಯಲ್ಲಿ ಮುಕ್‌ಳ ಮಂದಗಣ್ಣಿನ ಅಜ್ಜ ಒಬ್ಬನೇ ಕುಳಿತಿದ್ದ.

"ಅಜ್ಜಾ, ಎಲ್ಲಿ ಎಲ್ಲಾರೂ?"

"ಊಟಕ್ಕೆ ಬಂದ್ಯಾ? ಊಟ ಇಲ್ಲ ಕಣಪ್ಪ. ಮದುಮಗನ್ನ ಮಿಲಿಟರಿಯವರು ಹೊತ್ಕೊಂಡು ಹೋದ್ರಂತೆ. ಪಾಪ, ಪೆದ್ದ ಹುಡುಗ."

"ಅಜ್ಜಾ, ಆ ಮದುಮಗ ನಾನೇ!"

"ಅಲ್ಲಪ್ಪ, ಅವನು ಜೈಲಲ್ಲಿದ್ದಾನೆ" ಎಂದು ಅಜ್ಜ ಸಮಾಧಾನ ಹೇಳಿದ.

ಮೇಜರನ ಸೊಂಟದಲ್ಲಿ ವಾಕಿಟಾಕಿ ಕಿರುಗುಟ್ಟಿತು. ಶಾಲೆಯಲ್ಲಿ ಆಗತಾನೇ ಕಾವಲಿಗೆ ಬಂದಿದ್ದ ಸಿಪಾಯಿಯ ದನಿ. ಹಿಂದೆ ಜೋರು ಗದ್ದಲ.

"ಸಾರ್, ಕಾಲುವೆ ಕಡೆಯಿಂದ ದೋಣಿಗಳಲ್ಲಿ ದೊಡ್ಡ ಗುಂಪು ಬಂದು ನುಗ್ಗಿತು. ಡೋಲು, ಬಾಳೆಗಿಡ ಎಲ್ಲ ಇದೆ. ನಮ್ಮ ಪರಂಗೀನ ಬಿಡಿ ಅಂತ ಕೂಗ್ತಾ ಇದ್ರು. ಐದು ಜನಕ್ಕಿಂತ ಜಾಸ್ತಿ ಅಂತ ಎಲ್ಲರನ್ನೂ ಒಳಗೆ ಹಾಕಿದೀವಿ ಸಾರ್. ಸಮ್ರುವೈ ಅನ್ನೋ ಹೆಂಗಸು ಹವಿಲ್ದಾರರಿಗೆ ಬಾಳೆಗಿಡದಲ್ಲೇ ಬಾರಿಸಿದಳು."

ಅತ್ತೆ ತನಗಾಗಿ ಸೇನೆಯನ್ನು ಹೊಡೆದಳೆಂಬುದನ್ನು ನಂಬಲು ಯೋರಿಸನಿಗೆ ಆಗಲಿಲ್ಲ.

"ಇನ್ನೊಂದು ಸಾರ್" ಎಂದಿತು ವಾಕಿಟಾಕಿ. "ಮದುಮಗಳೂ ಇಲ್ಲೇ ಇದ್ದಾಳೆ, ಜೋಯಿಸರೂ ಇದ್ದಾರೆ. ಮುಹೂರ್ತ ಮುಗಿಯೋಕೆ ಇನ್ನೆರಡು ನಿಮಿಷ ಇದೆಯಂತೆ, ವರ ಹೇಗೂ ಇಲ್ಲೇ ಇದ್ದಾನಲ್ಲ, ಇಲ್ಲೇ ಧಾರೆ ಮುಗಿಸಿಬಿಡ್ತೀವಿ ಅಂತಿದ್ದಾರೆ. ಹವಿಲ್ದಾರರೂ ಹೂಂ ಅಂದ್ರು. ಆ ಪರಂಗೀನ ಯಾವ ಕೋಣೇಲಿ ಇಟ್ಟಿದ್ದೀರಿ ಸಾರ್?"