ಹಮೀದಾಳ ಪದವಿಗೆ ನಾನು ತೆಗೆದ ಶುದ್ಧ ಪ್ರತಿ

ನನ್ನ ಹೆಂಡತಿ ಹಮೀದಾಳ ಕೈಬರಹದ ಬಗ್ಗೆ ಮದುವೆಯಾದ ಹೊಸದರಿಂದಲೂ ನನಗೆ ತಕರಾರಿದೆ. ಅವಳ ಅಕ್ಷರಗಳು ಒಂದರ ಮೇಲೊಂದು ಒರಗಿಕೊಂಡು, ನಿಂತು ಪ್ರಯಾಣ ಮಾಡುವವರ ಹಾಗೆ ಕಾಣುತ್ತವೆ. ಕೇಳಿದರೆ, "ಗುಬ್ಬಿ ಬಸ್ಸಲ್ಲಿ ಬರೆದಿದ್ದು ಇನ್ ಹೆಂಗಿರುತ್ತೆ?" ಎನ್ನುತ್ತಾಳೆ. ಅದೂ ನಿಜ. ಅವಳು ಗುಬ್ಬಿಯ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನಮ್ಮ ಮನೆ ತುಮಕೂರಿನಲ್ಲಿ. ಅವಳ ವಿದ್ಯಾಭ್ಯಾಸವೆಲ್ಲ ನಡೆದದ್ದು ಈ ಎರಡು ಊರುಗಳ ನಡುವಿನ ಬಸ್ಸಿನಲ್ಲಿ.

ವಿದ್ಯಾಭ್ಯಾಸ ಎಂದೆ, ವಿವರಿಸಬೇಕು. 1986ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಹಮೀದಾ ಅಂಚೆಯ ಮೂಲಕ ನರ್ಸಿಂಗ್ ಪದವಿ ಓದಲು ಹೊರಟಳು. ವಿಶ್ವವಿದ್ಯಾಲಯದ ಹೆಸರು ಬೇಡ. (ನಡೆದ ತಪ್ಪು ನನ್ನದು, ಅದರದ್ದಲ್ಲ.) ಅವಳ ಬಳಿ ಇದ್ದದ್ದು ಡಿಪ್ಲೊಮಾ. ಎಸ್ಸೆಸ್ಸೆಲ್ಸಿ ಮುಗಿದಾಗ ಕಾಲೇಜಿಗೆ ಹೋಗುವ ಆಸೆ ಅವಳಿಗಿತ್ತು. ಕುಣಿಗಲ್ಲಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಅವಳ ತಂದೆ ಇಸ್ಮಾಯಿಲ್ ಸಾಹೇಬರು ಕಾಲೇಜು ಬೇಡ, ನರ್ಸ್ ತರಬೇತಿಯಾದರೆ ಸರಿ ಎಂದರು. ಅಲ್ಲಿ ಹಾಸ್ಟೆಲಿನ ಗೇಟಿಗೆ ಸಂಜೆ ಆರಕ್ಕೆ ಬೀಗ ಹಾಕುತ್ತಾರೆಂದು ಅವರಿಗೆ ಯಾರೋ ಹೇಳಿದ್ದರು. ಹೋಗದೆ ಉಳಿದ ಆ ಕಾಲೇಜು ಹಮೀದಾಳ ಮನಸ್ಸಿನಲ್ಲಿ ಇಪ್ಪತ್ತು ವರ್ಷ ಹಾಗೇ ಕೂತಿತ್ತು. ಒಂದು ದಿನ ಅರ್ಜಿ ತಂದು ನನ್ನೆದುರು ಇಟ್ಟಳು.

"ಡಿಗ್ರಿ ಇದ್ರೆ ವಾರ್ಡ್ ಇನ್‌ಚಾರ್ಜ್ ಕೊಡ್ತಾರಂತೆ. ಅದು ಸಿಕ್ರೆ ಸಿಗ್ಲಿ, ಬಿಟ್ರೆ ಬಿಡ್ಲಿ. ನಂಗೆ ಓದ್ಬೇಕು" ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ, ನೆಲ ನೋಡಿದಳು. ನಾನು ತಕ್ಷಣ ಸಹಿ ಹಾಕಿದೆ. (ಅರ್ಜಿಯಲ್ಲಿ ಗಂಡನ ಸಹಿಗೆ ಜಾಗವೇ ಇರಲಿಲ್ಲ. ಮಾರ್ಜಿನ್ನಿನಲ್ಲಿ ಹಾಕಿದೆ.)

ಈಗ ನನ್ನ ಪರಿಚಯ. ಹೆಸರು ಸೈಫುಲ್ಲಾ. ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಗುಮಾಸ್ತ. ನನ್ನ ಅಕ್ಷರ ಅಚ್ಚು ಹಾಕಿದಂತಿದೆ ಎಂದು ಮೂವರು ಮೇಲಧಿಕಾರಿಗಳು ಹೇಳಿದ್ದಾರೆ. ಒಬ್ಬರು ಬರೆದೂ ಕೊಟ್ಟಿದ್ದಾರೆ. ಮನೆಯಲ್ಲಿ ನಾವು ಆಡುವುದು ಉರ್ದು, ಜಗಳವಾಡುವುದು ಕನ್ನಡದಲ್ಲಿ. ಅವಳು ಆಸ್ಪತ್ರೆಯಲ್ಲಿ, ನಾನು ಕಚೇರಿಯಲ್ಲಿ ದಿನವಿಡೀ ಅದರಲ್ಲೇ ಅಭ್ಯಾಸ ಮಾಡಿರುತ್ತೇವಲ್ಲ.

ಪದವಿಯ ಕೊನೆಯ ಪರೀಕ್ಷೆಗೆ ಕೂರಬೇಕಾದರೆ ನಾಲ್ಕು ಅಸೈನ್‌ಮೆಂಟುಗಳು ಪಾಸಾಗಬೇಕಿತ್ತು. ಮೂರು ಆಗಿದ್ದವು. ನಾಲ್ಕನೆಯದರ ಪ್ರಶ್ನೆ ಹೀಗಿತ್ತು: ನೀವು ಆರೈಕೆ ಮಾಡಿದ ಒಬ್ಬ ರೋಗಿಯ ಬಗ್ಗೆ, ಆ ರೋಗಿಯ ಮಾತುಗಳನ್ನೂ ಸೇರಿಸಿ, ನಿಮ್ಮದೇ ಮಾತಿನಲ್ಲಿ ಬರೆಯಿರಿ. ಹಮೀದಾ ಹತ್ತೊಂಬತ್ತು ವರ್ಷದ ಚಿಕ್ಕಮಾರಮ್ಮ ಎಂಬ ಬಾಣಂತಿಯನ್ನು ಆರಿಸಿಕೊಂಡಳು. ಚೊಚ್ಚಲ ಹೆರಿಗೆಗೆಂದು ಗುಬ್ಬಿ ಹತ್ತಿರದ ತವರಿಗೆ ಬಂದಿದ್ದ ಹುಡುಗಿ. ಹೆರಿಗೆಯಾದ ಮೇಲೆ ಜ್ವರ ಬಂದು ಒಂಬತ್ತು ದಿನ ವಾರ್ಡಿನಲ್ಲಿ ಮಲಗಿದ್ದಳು. ಹಮೀದಾ ಅವಳ ಬಗ್ಗೆ ಹನ್ನೊಂದು ಹಾಳೆ ಬರೆದಳು. ನಾನು ಮೊದಲೇ ಹೇಳಿದ ಅಕ್ಷರದಲ್ಲಿ.

1988ರ ಜನವರಿಯ ಒಂದು ಶನಿವಾರ, ಅವಳು ಡ್ಯೂಟಿಗೆ ಹೋಗಿದ್ದಾಗ ನನಗೆ ಒಂದು ಒಳ್ಳೆಯ ಯೋಚನೆ ಹೊಳೆಯಿತು. (ನನ್ನ ಜೀವನದ ಕಷ್ಟಗಳೆಲ್ಲ ಹೀಗೆ ಹೊಳೆದೇ ಬಂದಿವೆ.) ಆ ಹನ್ನೊಂದು ಹಾಳೆಗೆ ನಾನೇ ಒಂದು ಶುದ್ಧ ಪ್ರತಿ ತೆಗೆದು, ಅವಳು ಬರುವಷ್ಟರಲ್ಲಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿಬಿಟ್ಟರೆ? ಅವಳು ಎಷ್ಟು ಸಂತೋಷಪಟ್ಟಾಳು!

ಬರೆಯುತ್ತ ಹೋದಂತೆ ಕರಡಿನಲ್ಲಿ ಲೋಪಗಳು ಕಂಡವು. ಹದಿನೆಂಟು ವರ್ಷ ಸರ್ಕಾರಿ ಕಾಗದ ತಿದ್ದಿದ ಕೈ ಸುಮ್ಮನಿರುತ್ತದೆಯೆ? ಉತ್ತರ ಇದ್ದದ್ದು ಇಂಗ್ಲಿಷಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ. ಅವಳು ಬರೆದಿದ್ದಳು: "ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮಗುವಿನ ಮುಖ ನೋಡಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಮೊದಲನೆಯ ದಿನ ಇಬ್ಬರೂ ಮಾತಾಡಲಿಲ್ಲ." ಇದು ವರದಿಯೆ? ನಾನು ತಿದ್ದಿದೆ: "ಸದರಿ ರೋಗಿಯು ಸಹಕರಿಸದಿರುವುದನ್ನು ಗಮನಿಸಲಾಯಿತು. ಅಗತ್ಯ ಕ್ರಮ ಕೈಗೊಳ್ಳಲಾಯಿತು." ಅವಳು ಬರೆದಿದ್ದಳು: "ನಾಲ್ಕನೆಯ ದಿನ ಎರಡು ಚಮಚ ಗಂಜಿ ಕುಡಿದಳು. ನನಗೆ ಅಳು ಬಂತು." ನಾನು ಬರೆದೆ: "ನಾಲ್ಕನೇ ದಿನಾಂಕದಂದು ಸರಬರಾಜು ಮಾಡಲಾದ ಆಹಾರವು ಭಾಗಶಃ ಸ್ವೀಕೃತವಾಯಿತು." ಅಳುವನ್ನು ಕೈಬಿಟ್ಟೆ. ಸರ್ಕಾರಿ ನೌಕರಳು ಕರ್ತವ್ಯದ ವೇಳೆ ಅತ್ತಳೆಂದು ಬರೆದುಕೊಟ್ಟರೆ ನಾಳೆ ವಿವರಣೆ ಕೇಳಿಯಾರು. ಹುಡುಗಿ ಆಡಿದ ಮಾತುಗಳು, ಇವಳ ಉತ್ತರಗಳು, ಅದೂ ಇದೂ ಸೇರಿ ಆರು ಹಾಳೆ ಇತ್ತು. ವಿಷಯಕ್ಕೆ ಸಂಬಂಧಿಸಿಲ್ಲವೆಂದು, ಪೂರ್ತಿ ಓದುವ ಗೋಜಿಗೂ ಹೋಗದೆ ತೆಗೆದುಹಾಕಿದೆ. ಕೊನೆಗೆ "ಮುಂದಿನ ಆದೇಶಕ್ಕಾಗಿ ಮಂಡಿಸಿದೆ" ಎಂದು ಸೇರಿಸಿದೆ. ಒಟ್ಟು ಎರಡೂವರೆ ಪುಟ. ಮಧ್ಯಾಹ್ನದೊಳಗೆ ಅಂಚೆಗೆ ಹಾಕಿ ಬಂದೆ.

ಒಂದೇ ವಿಷಯಕ್ಕೆ ಎರಡು ಬೇರೆ ಬೇರೆ ಪ್ರತಿ ಉಳಿದರೆ ಆಡಿಟ್‌ನವರು ಪ್ರಶ್ನೆ ಎತ್ತುತ್ತಾರೆ ಎಂಬುದು ನಮ್ಮ ಕಚೇರಿಯ ಅನುಭವ. ಆದ್ದರಿಂದ ಅವಳ ಕರಡನ್ನು ಬಚ್ಚಲ ಒಲೆಗೆ ಹಾಕಿದೆ.

ಸಂಜೆ ವಿಷಯ ಹೇಳಿದಾಗ ಹಮೀದಾ ಬ್ಯಾಗು ಕೆಳಗಿಟ್ಟು, "ಹಂಗೇ ಇಳಿಸಿದ್ರಿ ತಾನೆ?" ಎಂದಳು.

"ಸಣ್ಣಪುಟ್ಟದ್ದು ಸರಿ ಮಾಡ್ದೆ."

"ಸಣ್ಣಪುಟ್ಟದ್ದು ಅಂದ್ರೆ?"

"ಭಾಷೆ."

ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಕಾಲು ನೋಯುತ್ತಿದೆ ಎಂದು ಬಿಸಿನೀರಿಗೆ ಹೋದಳು. ನೀರು ಚೆನ್ನಾಗಿ ಕಾದಿತ್ತು.

ಫೆಬ್ರವರಿ ಕೊನೆಯಲ್ಲಿ ಅಸೈನ್‌ಮೆಂಟು ವಾಪಸು ಬಂತು. ಐವತ್ತಕ್ಕೆ ಆರು. ಆರು ಅಂಕ ಯಾಕೆಂದು ಬರೆದಿರಲಿಲ್ಲ; ಅಕ್ಷರಕ್ಕಿರಬೇಕು. ಕೆಳಗೆ ಕೆಂಪು ಶಾಯಿಯಲ್ಲಿ ಒಬ್ಬ ಮೇಡಂ ಬರೆದಿದ್ದರು: "ಇದರಲ್ಲಿ ರೋಗಿ ಇಲ್ಲ. ನರ್ಸ್ ಕೂಡ ಇಲ್ಲ. ಯಾರೋ ಯಾರಿಗೋ ಪತ್ರ ಬರೆದಂತಿದೆ. ಕೈಬರಹ ಹಿಂದಿನ ಮೂರರದ್ದಲ್ಲ. ಅಭ್ಯರ್ಥಿ ಸ್ವಂತ ಕೈಯಿಂದ ಬರೆದು ಮಾರ್ಚ್ ಹದಿನೈದರೊಳಗೆ ಕಳಿಸದಿದ್ದರೆ ಈ ವರ್ಷ ಪರೀಕ್ಷೆಗೆ ಅವಕಾಶವಿಲ್ಲ."

ಹಮೀದಾ ಎರಡೂವರೆ ಪುಟವನ್ನೂ ನಿಂತೇ ಓದಿದಳು.

"ಏನ್ರೀ ಇದು? ನನ್ನ ಹುಡುಗಿ ಎಲ್ಲಿ?"

"ಇದಾಳಲ್ಲ. ಸದರಿ ರೋಗಿ."

"ಸದರಿ ಅಂತೆ ಸದರಿ! ಅವಳಿಗೊಂದು ಹೆಸರಿತ್ತು ಕಣ್ರೀ. ನಾನ್ ಬರೆದಿದ್ದು ಕೊಡಿ, ಇವತ್ತೇ ಕೂತು ಇಳಿಸ್ತೀನಿ."

ನಾನು ಬಚ್ಚಲ ಕಡೆ ನೋಡಿದೆ. ಅವಳೂ ನೋಡಿದಳು.

ಕೂಗಾಡುತ್ತಾಳೆಂದು ಸಿದ್ಧನಾಗಿದ್ದೆ, ಕೂಗಾಡಲಿಲ್ಲ. ಮಂಚದ ಅಂಚಿನಲ್ಲಿ ಕೂತಳು. "ಜ್ವರದ ಚಾರ್ಟ್ ಆಸ್ಪತ್ರೇಲಿ ಸಿಗುತ್ತೆ. ಅವಳು ಆಡಿದ ಮಾತು ಎಲ್ಲಿ ಸಿಗುತ್ತೆ? ದಿನಾ ಬಸ್ಸಲ್ಲಿ ಬರ್ಕೊಂಡಿದ್ದೆ" ಎಂದಳು, ನನಗಲ್ಲ, ಗೋಡೆಗೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬೈಯುವ ಕೆಲಸವನ್ನು ನನ್ನ ತಾಯಿ ಮಸ್ತಾನ್ ಬೀ ವಹಿಸಿಕೊಂಡರು. "ಅವಳು ವರ್ಷಗಟ್ಲೆ ಓದವ್ಳೆ, ನೀನು ಒಂದು ಸ್ನಾನಕ್ಕೆ ಸುಟ್ಟಿದೀಯ. ಹೋಗು, ಆ ಹುಡುಗಿ ಎಲ್ಲಿದ್ರೂ ಹುಡುಕ್ಕೊಂಡು ಬಾ. ಅಲ್ಲೀವರ್ಗೂ ನಿಂಗೆ ತಣ್ಣೀರೇ."

ಚಿಕ್ಕಮಾರಮ್ಮ ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗಿಯಾಗಿತ್ತು. ಅದು ಹುಲಿಯೂರುದುರ್ಗದ ಹತ್ತಿರದ ಒಂದು ಹಳ್ಳಿ. ಮಾರ್ಚ್ ಮೊದಲ ಭಾನುವಾರ ಇಬ್ಬರೂ ಹೊರಟೆವು. ತುಮಕೂರಿನಿಂದ ಕುಣಿಗಲ್, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಮೂರು ಮೈಲಿ ನಡಿಗೆ. ದಾರಿಯುದ್ದಕ್ಕೂ ಹಮೀದಾ ನನ್ನೊಂದಿಗೆ ಆಡಿದ್ದು ಎರಡೇ ಮಾತು: "ಛತ್ರಿ ತಂದ್ರಾ?" ಮತ್ತು "ಗೊತ್ತಿತ್ತು." ಹಾಳೆ, ಪೆನ್ನು, ಮಗುವಿಗೆಂದು ಕೊಂಡ ಟೋಪಿ ಇದ್ದ ಚೀಲವನ್ನು ಹೊತ್ತು ನಾನು ಹಿಂದೆ ನಡೆದೆ.

ಚಿಕ್ಕಮಾರಮ್ಮನ ಅತ್ತೆ ಹನುಮಕ್ಕ ಜಗುಲಿಯಲ್ಲಿ ರಾಗಿ ಕೇರುತ್ತಿದ್ದರು. ಸೊಸೆ ಮಲಗಿದ್ದಾಗ ವಾರ್ಡಿಗೆ ಬಂದು ಹೋಗಿದ್ದವರು, ಹಮೀದಾಳನ್ನು ಕಂಡು ಮೊರ ಕೆಳಗಿಟ್ಟರು.

"ನರ್ಸಮ್ಮ! ಬನ್ನಿ ತಾಯಿ, ಕುಂತ್ಕಳಿ. ಮಾರೀ, ಬಾರೇ ಈಚೆಗೆ, ಗುಬ್ಬಿ ನರ್ಸಮ್ಮ ಬಂದವ್ರೆ!" ಆಮೇಲೆ ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದರು. "ಈವಯ್ಯ ಯಾರು? ಕಾಂಪೌಂಡರಾ?"

"ನಮ್ಮ ಮನೆಯವ್ರು" ಎಂದಳು ಹಮೀದಾ.

ಅಷ್ಟರಲ್ಲಿ ಕಂಕುಳಲ್ಲಿ ಮಗು ಎತ್ತಿಕೊಂಡು ಚಿಕ್ಕಮಾರಮ್ಮ ಹೊಸಿಲಿಗೆ ಬಂದಳು. ತುಂಬು ಕೆನ್ನೆಯ ಹುಡುಗಿ. ಗೋಡೆಯ ಕಡೆ ತಿರುಗಿ ಮಲಗಿದವಳು ಇವಳೇ ಎಂದರೆ ನಂಬುವಂತಿರಲಿಲ್ಲ. ಹಮೀದಾಳನ್ನು ನೋಡಿ ಅವಳ ಕಣ್ಣು ತುಂಬಿತು. ನನ್ನನ್ನು ನೋಡಿದಳು. ಒಂದು ಕ್ಷಣ ಬಾಯಿ ಬಿಗಿಹಿಡಿದಳು. ಆಮೇಲೆ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಒಳಗೆ ಓಡಿದಳು. ಒಳಗಿನಿಂದ ಪಾತ್ರೆ ಬಿದ್ದ ಸದ್ದು, ಅದರ ಹಿಂದೆ ನಗು.

"ಯಾಕ್ ಮಾರೀ, ಏನಾಯ್ತೇ?" ಎಂದು ಹನುಮಕ್ಕ ಗಾಬರಿಯಾದರು.

ಚಿಕ್ಕಮಾರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಿಗೆ ಬಂದಳು. "ಅತ್ತೆ, ಇವ್ರೇ ಕಣತ್ತೆ! ಹಾಲು ಉಕ್ತಾ ಇದ್ರೆ ಒಲೆ ಮುಂದೇನೆ ನಿಂತ್ಕಂಡು, 'ಹಮೀದಾ, ಹಾಲು ಉಕ್ಕುವ ಹಂತದಲ್ಲಿದೆ' ಅಂತ ಕೂಗಿದ್ರಂತಲ್ಲ, ಅವ್ರು!"

ಹನುಮಕ್ಕ ನನ್ನನ್ನು ಹೊಸ ಗೌರವದಿಂದ ನೋಡಿದರು. "ಓ! ನೀವೇನಾ ಸಾಮಿ? ನೀವೇನಾ, ನಿಕಾ ದಿವ್ಸ ಕಾಜಿ ಸಾಹೇಬ್ರು 'ಒಪ್ಪಿಗೇನಾ' ಅಂದ್ರೆ, 'ರಿಜಿಸ್ಟರ್ ಓದಿ ಹೇಳ್ತೀನಿ' ಅಂದೋರು?"

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಮಗುವಿಗೆ ಟೋಪಿ ಹಾಕುವುದರಲ್ಲಿ ಮಗ್ನಳಾಗಿದ್ದಳು. (ರಿಜಿಸ್ಟರಿನಲ್ಲಿ ತಾರೀಖು ತಪ್ಪಾಗಿತ್ತು ಎಂಬುದನ್ನು ಅವಳು ಯಾರಿಗೂ ಹೇಳುವುದಿಲ್ಲ.)

ಎಳನೀರು ಬಂತು. ಅಕ್ಕಪಕ್ಕದ ನಾಲ್ಕು ಹೆಂಗಸರೂ ಬಂದರು, ನನ್ನನ್ನು ನೋಡಲಿಕ್ಕೆ. ಹಮೀದಾ ಹಾಳೆ ತೊಡೆಯ ಮೇಲಿಟ್ಟುಕೊಂಡು, "ಆಗ ಹೇಳಿದ್ಯಲ್ಲ ಮಾರಮ್ಮ, ಅದನ್ನೆಲ್ಲ ಇನ್ನೊಂದ್ ಸಲ ಹೇಳು" ಎಂದಳು. ಚಿಕ್ಕಮಾರಮ್ಮ ನಗು ನಿಲ್ಲಿಸಿದಳು. ಮಗುವಿನ ಕಾಲು ಹಿಡಿದುಕೊಂಡು ನಿಧಾನವಾಗಿ ಹೇಳತೊಡಗಿದಳು.

"ನಾನ್ ಸಾಯ್ತೀನಿ ಅಂದ್ಕಂಡಿದ್ದೆ ಅಕ್ಕ. ಮಗೀನ್ ಮಕ ನೋಡಿದ್ರೆ ಬಿಟ್ಟೋಗಕ್ಕೆ ಆಗಲ್ಲ ಅಂತ ನೋಡ್ನಿಲ್ಲ. ನೀವು ದಿನಾ ಬಂದು ಕುಂತ್ಕಂಡ್ರಿ. ಮೂರ್ನೇ ದಿನ ನೀವ್ ಹಾಲಿಂದು ಹೇಳುದ್ರಿ. ನಂಗೆ ನಗ ಬಂದ್ಬುಡ್ತು. ನಕ್ಕಿದ್ದಕ್ಕೆ ನಂಗೇ ನಾಚ್ಕೆ ಆಯ್ತು. ಸಾಯೋಳು ಯಾರಾದ್ರೂ ನಗ್ತಾರಾ? ಅಂಗಾದ್ರೆ ನಾನ್ ಸಾಯಲ್ಲ ಅಂದ್ಕಂಡೆ. ಮಾರ್ನೆ ದಿನ ಗಂಜಿ ಕುಡುದ್ನಲ್ಲ."

ಹಮೀದಾಳ ಪೆನ್ನು ಓಡುತ್ತಿತ್ತು, ಅದೇ ಒರಗಿಕೊಂಡ ಅಕ್ಷರದಲ್ಲಿ. ನಾನು ಎರಡೂವರೆ ಪುಟದಲ್ಲಿ ಏನನ್ನು ಕೈಬಿಟ್ಟಿದ್ದೆ ಎಂಬುದು ಆಗ ತಿಳಿಯಿತು. ಖಾಲಿಯಾಗಿದ್ದ ಎಳನೀರು ಬುರುಡೆಯನ್ನು ಎತ್ತಿ ಇನ್ನೊಂದು ಸಲ ಕುಡಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು.

"ಊರಿಗೆಲ್ಲ ನಿಮ್ಮನ್ನ ನಗೆಪಾಟಲು ಮಾಡ್ದೆ ಅಂತ ಕೋಪಾನಾ?" ಎಂದಳು ಹಮೀದಾ.

"ಇಲ್ಲ. ಎಷ್ಟು ದಿನ ಹೇಳ್ದೆ ನನ್ ವಿಷಯ?"

"ಮೂರ್ನೇ ದಿನದಿಂದ ಒಂಬತ್ತನೇ ದಿನದ ತನಕ."

"ಏಳು ದಿನ! ಅಷ್ಟೊಂದು ಇತ್ತಾ?"

"ಇನ್ನೂ ಬೇಕಾದಷ್ಟಿತ್ತು. ಅಷ್ಟ್ರಲ್ಲಿ ಜ್ವರ ಬಿಟ್ಬಿಡ್ತು" ಎಂದಳು. ಆಮೇಲೆ ನನ್ನ ಭುಜಕ್ಕೆ ಹಾಳೆಯ ರಟ್ಟು ಒತ್ತಿ ಹಿಡಿದು, "ಅಲ್ಲಾಡ್ಬೇಡಿ" ಎಂದು ಬರೆಯಲು ಶುರುಮಾಡಿದಳು. ಕುಣಿಗಲ್ ಬರುವವರೆಗೆ ನಾನು ಅಲ್ಲಾಡಲಿಲ್ಲ.

ಈ ಸಲ ಹದಿನಾಲ್ಕು ಹಾಳೆಯಾಯಿತು. ಅಂಚೆಗೆ ಹಾಕುವ ಕೆಲಸವನ್ನೂ ನನಗೆ ಕೊಡಲಿಲ್ಲ. ಏಪ್ರಿಲ್‌ನಲ್ಲಿ ಉತ್ತರ ಬಂತು: ಐವತ್ತಕ್ಕೆ ನಲವತ್ತನಾಲ್ಕು. ಮೇಡಂ ಬರೆದಿದ್ದರು: "ರೋಗಿಯೂ ಕಂಡಳು, ನರ್ಸೂ ಕಂಡಳು. ಗಂಡನ ಬಗ್ಗೆ ಇನ್ನಷ್ಟು ವಿವರ ಕೊಡಬಹುದಿತ್ತು." ಹಮೀದಾ ಪರೀಕ್ಷೆಗೆ ಕೂತಳು, ಆಗಸ್ಟಿನಲ್ಲಿ ಪಾಸಾದಳು. ಕುಣಿಗಲ್ಲಿನಿಂದ ಇಸ್ಮಾಯಿಲ್ ಸಾಹೇಬರು ಬಂದು, ಮಗಳ ಪ್ರಮಾಣಪತ್ರವನ್ನು ಕನ್ನಡಕವಿಲ್ಲದೆ ತುಂಬ ಹೊತ್ತು ನೋಡಿದರು. ಕನ್ನಡಕವಿಲ್ಲದೆ ಅವರಿಗೆ ಏನೂ ಕಾಣಿಸುವುದಿಲ್ಲ.

ಈಗ ಅವಳು ಆಪರೇಶನ್ ಆದವರ ವಾರ್ಡಿಗೆ ಇನ್‌ಚಾರ್ಜ್ ಸಿಸ್ಟರ್. ಕಳೆದ ವಾರ ಕಚೇರಿಯ ಕೆಲಸದ ಮೇಲೆ ಗುಬ್ಬಿಗೆ ಹೋದವನು ಅವಳನ್ನು ನೋಡಿ ಬರೋಣವೆಂದು ವಾರ್ಡಿನೊಳಗೆ ಕಾಲಿಟ್ಟು, "ಹಮೀದಾ" ಎಂದು ಕರೆದೆ. ಬಾಗಿಲ ಹತ್ತಿರದ ಮಂಚದಲ್ಲಿ ಚನ್ನವೀರಯ್ಯ ಎಂಬುವವರು ಮಲಗಿದ್ದರು. ಹರ್ನಿಯಾ ಆಪರೇಶನ್ ಆಗಿ ಎರಡು ದಿನ. ನನ್ನನ್ನು ಕಂಡವರೇ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡರು.

"ಸಿಸ್ಟರ್! ಬೆಕ್ಕಿಗೆ ನೋಟೀಸ್ ಕೊಟ್ಟೋರು ಇವ್ರೇನಾ? ಬ್ಯಾಡ ಕಣಮ್ಮ, ಹೊಲಿಗೆ ಕಿತ್ಕಂತದೆ, ಆಚೆ ಕಳ್ಸಿ ಇವ್ರನ್ನ!"

(ನಾನು ಬೆಕ್ಕಿಗೆ ಕೊಟ್ಟಿಲ್ಲ. ಬೆಕ್ಕಿನ ಮಾಲೀಕರಿಗೆ ಕೊಟ್ಟೆ. ಅವರು ಬೆಕ್ಕಿಗೆ ತೋರಿಸಿದರು.)

ಪಕ್ಕದ ಮಂಚಗಳಲ್ಲೂ ಜನ ಹೊಟ್ಟೆ ಹಿಡಿದುಕೊಳ್ಳತೊಡಗಿದರು. ಹಮೀದಾ ಬಂದು ನನ್ನ ತೋಳು ಹಿಡಿದು ವರಾಂಡಕ್ಕೆ ಕರೆದುಕೊಂಡು ಹೋದಳು.

"ಹೊಲಿಗೆ ಬಿಚ್ಚೋವರ್ಗೂ ಈ ಕಡೆ ಬರ್ಬೇಡಿ ನೀವು."

"ನಾನೇನ್ ಮಾಡ್ದೆ?"

"ಏನೂ ಮಾಡ್ಬೇಕಿಲ್ಲ ನೀವು. ನೋಡಿ, ಆ ಕಡೆ ಜನರಲ್ ವಾರ್ಡಲ್ಲಿ ಆರನೇ ಬೆಡ್‌ನಲ್ಲಿ ಒಬ್ರು ಅಜ್ಜಿ ಇದಾರೆ. ಎರಡು ದಿನದಿಂದ ಊಟ ಮುಟ್ಟಿಲ್ಲ. ನಿಮ್ ವಿಷಯ ಎಲ್ಲ ಹೇಳಿದೀನಿ. ಹೋಗಿ ಸುಮ್ನೆ ಎದುರಿಗೆ ನಿಂತ್ಕೊಳ್ಳಿ."

ಹೋಗಿ ನಿಂತೆ. ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ನೋಡಿದರು. ಆಮೇಲೆ ಎದ್ದು ಕೂತು, ಇಡ್ಲಿ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.