ನಮ್ಮ ಮನೆಯ ಚಕ್ರವರ್ತಿ ಮೀನು

ಮೀನು ತಿನ್ನದವರ ಮನೆಯಲ್ಲಿ ಮೀನಿದ್ದರೆ ಬಂದ ನೆಂಟರು ಮೊದಲು ಅಡುಗೆಮನೆಯನ್ನೇ ಇಣುಕುತ್ತಾರೆ. ಘಟ್ಟದ ಮೇಲಿನ ಇಸಳೂರಿನ ನಮ್ಮ ಮನೆಗೆ ಈ ಗತಿ ಬರಲು ಕಾರಣ ನಾನೇ. ದೆಹಲಿಗೆ ವರ್ಗವಾದ ಸಹೋದ್ಯೋಗಿಯೊಬ್ಬರು ಗಾಜಿನ ತೊಟ್ಟಿ ಸಮೇತ ಒಂದು ಕಡಲ ಮೀನು ಕೊಡುತ್ತೇನೆಂದರು. ಬಿಟ್ಟಿ ಸಿಕ್ಕಿದ್ದನ್ನು ಬೇಡವೆನ್ನುವ ಅಭ್ಯಾಸ ನನಗಿಲ್ಲ. ಕಡುನೀಲಿ ಮೈ, ಅದರ ಮೇಲೆ ಒಂದರೊಳಗೊಂದು ಬಿಳಿ ಸುತ್ತು. ಸಮುದ್ರದ ನೀರಿಲ್ಲದೆ ಅದು ಬದುಕುವುದಿಲ್ಲ ಎಂಬುದನ್ನು ಅವರು ಬಸ್ಸು ಹೊರಟ ಮೇಲೆ ಕಿಟಕಿಯಿಂದ ಕೂಗಿ ಹೇಳಿದರು.

ಅಷ್ಟರಲ್ಲಿ ಕಚೇರಿಯವರು ನನ್ನನ್ನು ಹತ್ತು ತಿಂಗಳ ತರಬೇತಿಗೆ ಪುಣೆಗೆ ಕಳಿಸಿದರು. ಮೀನು ಹೆಂಡತಿ ಸರಸ್ವತಿಯ ಪಾಲಾಯಿತು. ಕಡಲತೀರದ ಕುಮಟಾಕ್ಕೆ ಹೋಗುವ ಲಾರಿಯ ಇಮಾಮ್ ಸಾಬರ ಕೈಯಲ್ಲಿ ಕ್ಯಾನು ಕೊಟ್ಟು ಹದಿನೈದು ದಿನಕ್ಕೊಮ್ಮೆ ಅವಳು ಕಡಲ ನೀರು ತರಿಸಿದಳು. ನಾನು ಮರಳಿ ಬಂದು ನೋಡಿದರೆ ತೊಟ್ಟಿಯಲ್ಲಿ ಹಳದಿ ಪಟ್ಟೆಯ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದಂಥ ಬೇರೆಯೇ ಮೀನು!

"ಅದು ಸತ್ತಿದ್ದು ಯಾವಾಗ? ಹೇಳ್ಬಿಡು, ಆನು ಬೈತ್ನಿಲ್ಲೆ," ಎಂದೆ.

"ಎಂತದು ಸಾಯದು? ಅದೇ ಮೀನು. ಬಣ್ಣ ಬದಲಾತು."

ಬಣ್ಣ ಬದಲಾಗಲು ಅದೇನು ಗೋಡೆಯೇ? ಇಮಾಮ್ ಸಾಬರನ್ನು ವಿಚಾರಿಸಿದೆ. "ಅಕ್ಕಾರು ಸುಳ್ಳು ಹೇಳೋರಲ್ರೀ. ಆ ಮೀನಿನ ಸಲುವಾಗಿ ತೌರಿಗೂ ಹೋಗಿಲ್ಲ ಅವರು," ಎಂದರು. ಇವರೂ ಅವಳ ಪಕ್ಷವೇ ಎಂದುಕೊಂಡು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನೆರೆಮನೆಯ ಭಟ್ಟರನ್ನು ನನ್ನ ಪರ ಸಾಕ್ಷಿಗೆ ಕರೆತಂದೆ.

ಭಟ್ಟರು ತೊಟ್ಟಿಗೆ ಮೂಗು ತಾಗಿಸಿ ನಕ್ಕರು. "ಇದು ಎಂಪರರ್ ಏಂಜೆಲ್ ಮಾರಾಯ್ರೆ, ಚಕ್ರವರ್ತಿ. ಮರಿಗೆ ಸುತ್ತು, ಬೆಳೆದದ್ದಕ್ಕೆ ಪಟ್ಟೆ. ಬಾಲದ ಹತ್ರ ನೋಡಿ, ಹಳೇ ಸುತ್ತು ಇನ್ನೂ ಪೂರ್ತಿ ಅಳಿಸಿಲ್ಲ."

ಸರಸ್ವತಿ ಒಳಗೆ ಹೋಗಿ ಚಹಾ ತಂದಳು. ಒಂದೇ ಲೋಟ, ಅದು ಭಟ್ಟರಿಗೆ.

ಪ್ರಾಯಶ್ಚಿತ್ತಕ್ಕೆಂದು ಮುಂದಿನ ಸಲ ಲಾರಿಯಲ್ಲಿ ನಾನೇ ಕುಮಟಾಕ್ಕೆ ಹೋದೆ. ಅಲೆ ಕಂಡು ಹಿಂದೆ ಸರಿದೆ. ಹೊಳೆ ಕಡಲು ಸೇರುವ, ದೋಣಿ ಕಟ್ಟುವ ಕಡೆಯೇ ಮೆಲ್ಲಗೆ ಕ್ಯಾನು ತುಂಬಿಸಿ ತಂದೆ. ಸರಸ್ವತಿ ಅದಕ್ಕೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು.

"ಇದು ಎಲ್ಲಿಯ ನೀರು? ಉಪ್ಪೇ ಸಾಲ್ತಿಲ್ಲೆ."

"ಸಮುದ್ರದ್ದೇ."

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ಹೊಳೆಯ ವಿಷಯ ಬಾಯಿಬಿಟ್ಟೆ. ಅವಳು ನೀರನ್ನು ಚರಂಡಿಗೆ ಚೆಲ್ಲಿ, ಕ್ಯಾನನ್ನು ನನ್ನ ಕೈಗೇ ಕೊಟ್ಟಳು.

ಬುಧವಾರ ಮತ್ತೆ ಹೋಗಿ ಸೊಂಟದವರೆಗೆ ಕಡಲಿಗಿಳಿದೆ. ಕ್ಯಾನು ತುಂಬಿತು, ಕನ್ನಡಕ ಅಲೆಯ ಪಾಲಾಯಿತು. ಹೊಸದು ಬರುವವರೆಗೂ ತೊಟ್ಟಿಯೊಳಗೆ ಎಂಥದೋ ಬಣ್ಣ ಓಡಾಡುವುದಷ್ಟೇ ನನಗೆ ಕಾಣುತ್ತಿತ್ತು. ಮೀನು ಹೇಗಿದೆ ಎಂದು ಸರಸ್ವತಿಯನ್ನೇ ಕೇಳುತ್ತಿದ್ದೆ. ಅವಳು ಹೇಳಿದ್ದನ್ನೆಲ್ಲ ನಂಬುತ್ತಿದ್ದೆ.