ಏರ್‌ಕ್ರಾಫ್ಟ್ ಮೆಕ್ಯಾನಿಕನ ಥರ್ಮಾಕೋಲು ವಿಮಾನ

ಎರಡು ಸಾವಿರದ ಮೂರನೆಯ ಇಸವಿಯ ಡಿಸೆಂಬರಿನಲ್ಲಿ ನಾನೊಂದು ಮಹಾಸಂಕಲ್ಪ ಮಾಡಿದೆ. ನಮ್ಮೂರು ಹೂಡೆಯ ಆಕಾಶದಲ್ಲಿ ವಿಮಾನ ಹಾರಿಸಿಯೇ ಬಹರೈನಿಗೆ ಹಿಂತಿರುಗುವುದು!

ನಗಬೇಡಿ. ವಿಮಾನ ನಿಜವಾದದ್ದೇ, ಗಾತ್ರ ಮಾತ್ರ ಸ್ವಲ್ಪ ಕಡಿಮೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಎರಡೂವರೆ ಅಡಿ, ಮೈಯೆಲ್ಲ ಥರ್ಮಾಕೋಲು, ಮೂಗಿನಲ್ಲೊಂದು ಪುಟ್ಟ ಮೋಟಾರು, ನನ್ನ ಕೈಯಲ್ಲಿ ಉದ್ದ ಆಂಟೆನಾದ ರಿಮೋಟು. 'ಎಂಟು ವರ್ಷದ ಮಕ್ಕಳೂ ಹಾರಿಸಬಹುದು' ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ನನಗೋ ಮೂವತ್ತೊಂಬತ್ತು. ಹಾಗಾಗಿ ಒಳಗಿದ್ದ ಸೂಚನೆಯ ಪುಸ್ತಕವನ್ನು ತೆರೆಯುವ ಅಗತ್ಯ ಕಾಣಲಿಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆ. ಚರ್ಚಿನಲ್ಲಿ ಪಾದ್ರಿಗಳ ಮುಂದೆಯೂ ಬಾಯಿಬಿಡದ ಸಂಗತಿಯನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ. ಬಹರೈನಿನ ವಿಮಾನ ನಿಲ್ದಾಣದಲ್ಲಿ ನನ್ನ ಕೆಲಸ ಪ್ರಯಾಣಿಕರ ಊಟದ ಟ್ರೇಗಳನ್ನು ತಳ್ಳುಗಾಡಿಯಲ್ಲಿ ತುಂಬಿ ವಿಮಾನಕ್ಕೆ ಏರಿಸುವುದು. ಆದರೆ ಮದುವೆಯ ಮಾತುಕತೆಗೆ ಹೋದ ದಿನ ಹುಡುಗಿಯ ಅಜ್ಜಿ, "ಅಲ್ಲಿ ಎಂತ ಕೆಲಸ?" ಎಂದು ಕೇಳಿದಾಗ ನನ್ನ ಬಾಯಿಂದ "ಏರ್‌ಕ್ರಾಫ್ಟ್ ಮೆಕ್ಯಾನಿಕ್" ಎಂದು ಬಂದುಬಿಟ್ಟಿತು! ಅಂದು ಮೇಲೇರಿದ ಆ ಸುಳ್ಳು ಹನ್ನೊಂದು ವರ್ಷ ಕಳೆದರೂ ನೆಲಕ್ಕಿಳಿದಿರಲಿಲ್ಲ.

ಮಗಳು ಆನ್ಸಿಲ್ಲಾಳಿಗೆ ಒಂಬತ್ತು ವರ್ಷ. ನಾನು ರಜೆಯಲ್ಲಿ ಬಂದಾಗಲೆಲ್ಲ ಮೊದಲ ವಾರ ಅವಳು ಬಾಗಿಲ ಹಿಂದೆ ನಿಂತು ನನ್ನನ್ನು ನೋಡುತ್ತಾಳೆ. ಎರಡನೆಯ ವಾರ ಚಾಕಲೇಟು ತೆಗೆದುಕೊಳ್ಳುತ್ತಾಳೆ. ಮಾತು ಶುರುವಾಗುವ ಹೊತ್ತಿಗೆ ನನ್ನ ಪೆಟ್ಟಿಗೆಗೆ ಹಗ್ಗ ಬಿಗಿಯುವ ದಿನ ಬಂದಿರುತ್ತದೆ. ಈ ಸಲ ಹಾಗಾಗಬಾರದು, ಅವಳೇ ಓಡಿಬಂದು ನನ್ನ ಕೈ ಹಿಡಿಯಬೇಕು ಎಂಬ ಆಸೆಯಿಂದಲೇ ಈ ವಿಮಾನ ತಂದದ್ದು.

"ಮೊದಲು ಆ ಪುಸ್ತಕ ಒಮ್ಮೆ ಓದಬಾರದಾ?" ಎಂದಳು ಹೆಂಡತಿ ಇಮೆಲ್ಡಾ.

"ಬೋಯಿಂಗನ್ನೇ ಬಿಚ್ಚಿ ಜೋಡಿಸುವವನಿಗೆ ಪುಸ್ತಕವಾ!"

ಅವಳು ನನ್ನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಒಗೆದು ಒಣಗಿಸಿದ ನನ್ನ ಅಂಗಿಗಳನ್ನು ಮಡಚಿಡತೊಡಗಿದಳು.

ಸಂಜೆ ಕಡಲತೀರದಲ್ಲಿ ನಾವು ಮೂವರು. ಸ್ವಲ್ಪ ಆಚೆ ಮೀನುಗಾರ ಕರುಣಾಕರ ಚಾಪೆ ಹಾಸಿ ಸಿಗಡಿ ಒಣಗಿಸುತ್ತಾ ಕಾಗೆಗಳಿಗೆ ಬಯ್ಯುತ್ತಿದ್ದ. ನಾನು ಜೀಸಸ್ಸಿಗೆ ಒಂದು ನಮಸ್ಕಾರ ಹಾಕಿ ವಿಮಾನವನ್ನು ಎಸೆದೆ. ಏರಿತು! ಕಡಲಿನ ಕಡೆಗೆ ಹೊರಟಿತು! ಎಡಕ್ಕೆ ಒತ್ತಿದೆ, ಎಡಕ್ಕೆ ತಿರುಗಿತು. ಆನ್ಸಿಲ್ಲಾ ಚಪ್ಪಾಳೆ ತಟ್ಟಿದಳು. ಬಹರೈನಿನ ಅಷ್ಟೂ ಪೈಲಟ್‌ಗಳು ನನ್ನೆದುರು ಏನೂ ಅಲ್ಲ ಎನಿಸಿತು.

ವಿಮಾನ ಅರ್ಧ ಸುತ್ತು ಹಾಕಿ ನಮ್ಮತ್ತಲೇ ಬರತೊಡಗಿದಾಗ ನನ್ನ ಗ್ರಹಚಾರ ಕೆಟ್ಟಿತು. ಎದುರು ಬರುವ ವಿಮಾನದ ಎಡ ನಮಗೆ ಬಲ. ಈ ಸಣ್ಣ ಸಂಗತಿ ಪುಸ್ತಕದ ಎರಡನೆಯ ಪುಟದಲ್ಲೇ ಇತ್ತಂತೆ! ನಾನು ಎಡಕ್ಕೆಂದು ಒತ್ತಿದರೆ ಅದು ಬಲಕ್ಕೆ ಬಂತು. ಸರಿಪಡಿಸಲು ಇನ್ನೂ ಜೋರಾಗಿ ಒತ್ತಿದೆ. ಇನ್ನೂ ಜೋರಾಗಿ ಬಲಕ್ಕೆ ಬಂದು, ಕಾಗೆಗಳ ನಡುವೆ ನುಗ್ಗಿ, ಸಿಗಡಿಯ ಚಾಪೆಗೆ ಮೂಗು ಕುಟ್ಟಿ ಮಲಗಿತು.

"ಲಿಗೋರಿಯವರೆ, ಕಾಗೆ ಓಡಿಸ್ಲಿಕ್ಕೆ ಒಳ್ಳೆದುಂಟು ಮಾರಾಯ್ರೆ!" ಎಂದ ಕರುಣಾಕರ. "ಆದರೆ ಒಟ್ಟಿಗೆ ನನ್ನ ಸಿಗಡಿಯೂ ಮರಳಿಗೆ ಹೋಯ್ತಲ್ಲ!"

ಆನ್ಸಿಲ್ಲಾ ಮುರಿದ ರೆಕ್ಕೆಯನ್ನು ಎತ್ತಿಕೊಂಡು ಬಂದಳು. ಆ ರಜೆಯಲ್ಲಿ ಅವಳಾಗಿಯೇ ನನ್ನೊಡನೆ ಆಡಿದ ಮೊದಲ ಮಾತು ಅದು. "ಪಪ್ಪಾ, ಇದು ಸರಿ ಆಗ್ತದಲ್ವಾ?"

"ಅರ್ಧ ಗಂಟೆಯ ಕೆಲಸ!" ಎಂದೆ. ರಿಪೇರಿಯಾಗದಿದ್ದರೆ ಅವಳ ಪಾಲಿಗೆ ನಾನು ಯಾರು?

ಮನೆಯ ಜಗಲಿಯಲ್ಲಿ ಶಸ್ತ್ರಚಿಕಿತ್ಸೆ ಶುರುವಾಯಿತು. ಸಿಗಡಿಯ ವಾಸನೆಗೆ ಊರಿನ ಬೆಕ್ಕುಗಳೆಲ್ಲ ಬಂದು ಮೆಟ್ಟಿಲ ಮೇಲೆ ಸಾಲಾಗಿ ಕುಳಿತವು. ನಾನು ಗಂಭೀರವಾಗಿ, ಕ್ಷಣದಲ್ಲಿ ಅಂಟುವ ಗೋಂದನ್ನು ರೆಕ್ಕೆಯ ಮುರುಕಿಗೆ ಹನಿಸಿದೆ. ಚುರ್ ಎಂದಿತು! ಹೊಗೆ ಬಂತು! ಆ ಗೋಂದು ಥರ್ಮಾಕೋಲನ್ನು ಕರಗಿಸುತ್ತದೆಂದು ನನಗೇನು ಗೊತ್ತು? ನೋಡನೋಡುತ್ತಿದ್ದಂತೆ ರೆಕ್ಕೆಯಲ್ಲೊಂದು ತೂತು, ತೂತು ದೊಡ್ಡದಾಗಿ ಕಿಟಕಿ. ಗಾಬರಿಯಲ್ಲಿ ಅದುಮಿ ಹಿಡಿದೆ. ಈಗ ರೆಕ್ಕೆ ಅಂಟಲಿಲ್ಲ, ನನ್ನ ಎರಡು ಬೆರಳು ಅಂಟಿದವು!

"ಬೋಯಿಂಗಿಗೂ ಇದೇ ಗೋಂದಾ?" ಎಂದಳು ಇಮೆಲ್ಡಾ.

"ಅದು... ಬೇರೆ ಡಿಪಾರ್ಟ್‌ಮೆಂಟು," ಎಂದೆ.

ಜಗಲಿಯ ಇನ್ನೊಂದು ತುದಿಯಲ್ಲಿ ಅವಳು ಕ್ರಿಸ್ಮಸ್ ನಕ್ಷತ್ರ ಕಟ್ಟುತ್ತಿದ್ದಳು. ಬಿದಿರನ್ನು ಸೀಳಿ, ಕೆರೆದು, ನೂಲಿನಿಂದ ಬಿಗಿದು, ಬಣ್ಣದ ತೆಳು ಕಾಗದವನ್ನು ಮೈದಾ ಅಂಟಿನಿಂದ ಅಂಟಿಸಿ, ಒಳಗೆ ಬಲ್ಬು ಇಟ್ಟು ತೂಗುಹಾಕುವ ನಕ್ಷತ್ರ. ಉಡುಪಿಯ ಅಂಗಡಿಗಳಲ್ಲಿ ಸಿದ್ಧ ನಕ್ಷತ್ರಗಳು ಬಂದರೂ ಅಕ್ಕಪಕ್ಕದ ನಾಲ್ಕು ಮನೆಯವರು ಈಗಲೂ ಅವಳ ಕೈಯದ್ದನ್ನೇ ಕೇಳುತ್ತಾರೆ.

"ಅದನ್ನು ಇಲ್ಲಿ ಕೊಡಿ. ನೀವು ಬೆರಳಿಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ."

ಅವಳು ಬಿದಿರಿನ ಕಡ್ಡಿಗಳನ್ನು ರೆಕ್ಕೆಯ ಆಕಾರಕ್ಕೆ ಬಾಗಿಸಿದಳು. ಆನ್ಸಿಲ್ಲಾ ಕೇಳುವ ಮೊದಲೇ ನೂಲು ಕೊಟ್ಟಳು, ಹೇಳುವ ಮೊದಲೇ ಕೆಂಪು ಕಾಗದ ಕತ್ತರಿಸಿದಳು. ಇಮೆಲ್ಡಾ ವಿಮಾನವನ್ನು ಒಂದು ಬೆರಳ ಮೇಲೆ ನಿಲ್ಲಿಸಿ, "ಎರಡೂ ಕಡೆ ಭಾರ ಸಮ ಇರಬೇಕು, ಇಲ್ಲದಿದ್ದರೆ ನಕ್ಷತ್ರವೂ ವಾಲ್ತದೆ," ಎಂದು ಒಂದು ಕಡ್ಡಿಯನ್ನು ಇನ್ನಷ್ಟು ಕೆರೆದಳು.

ಅಂಟಿದ ಬೆರಳುಗಳನ್ನು ಎಣ್ಣೆಯಲ್ಲಿ ಅದ್ದಿಕೊಂಡು ನಾನು ಸುಮ್ಮನೆ ನೋಡುತ್ತಿದ್ದೆ. ಸೋರುತ್ತಿದ್ದ ಮಾಡು, ಕೆಟ್ಟ ಪಂಪು, ಮಗಳ ಜ್ವರ, ಎಲ್ಲವನ್ನೂ ಇವರಿಬ್ಬರು ಹೀಗೆಯೇ ಹೆಚ್ಚು ಮಾತಿಲ್ಲದೆ ಸರಿಮಾಡಿಕೊಂಡಿರಬೇಕು. ದೂರದಿಂದ ಫೋನಿನಲ್ಲಿ ಹಾಗೆ ಮಾಡಿ, ಹೀಗೆ ಮಾಡಿ ಎನ್ನುತ್ತಿದ್ದಾಗ ನಾನೇ ಈ ಮನೆಯನ್ನು ನಡೆಸುತ್ತಿದ್ದೇನೆ ಎಂದುಕೊಂಡಿದ್ದೆ. ಹತ್ತಿರ ಬಂದರೆ ನಾನು ಒತ್ತಿದ್ದೆಲ್ಲ ತಿರುಗುಮುರುಗು. ನನಗೆ ನಾಚಿಕೆಯಾಯಿತು. ಸ್ವಲ್ಪ ಅಳುವೂ ಬಂತು, ಬೆಕ್ಕುಗಳ ಎದುರು ಅಳಲಿಲ್ಲ.

ಮರುದಿನ ಸಂಜೆ ಮತ್ತೆ ಕಡಲತೀರ. ಆನ್ಸಿಲ್ಲಾ ಪುಸ್ತಕವನ್ನು ಪೂರ್ತಿ ಓದಿದ್ದಳು. "ಪಪ್ಪಾ, ವಿಮಾನ ನಮ್ಮ ಕಡೆ ಬರುವಾಗ ನಾವು ಅದಕ್ಕೆ ಬೆನ್ನು ಹಾಕಿ ನಿಂತು, ಹೆಗಲ ಮೇಲಿಂದ ನೋಡಬೇಕಂತೆ. ಆಗ ಅದರ ಎಡವೂ ನಮ್ಮ ಎಡವೂ ಒಂದೇ."

ಸಂಕಲ್ಪವನ್ನು ಬದಿಗಿಟ್ಟು ರಿಮೋಟನ್ನು ಅವಳ ಕೈಗೆ ಕೊಟ್ಟೆ. ಕೆಂಪು ರೆಕ್ಕೆಯ ವಿಮಾನ ಏರಿತು, ತಿರುಗಿತು, ನಮ್ಮತ್ತ ಬಂತು. ಅವಳು ಬೆನ್ನು ತಿರುಗಿಸಿ, ಕತ್ತು ಹೊರಳಿಸಿ, ಅದನ್ನು ನಮ್ಮ ತಲೆಯ ಮೇಲಿಂದ ಸಲೀಸಾಗಿ ದಾಟಿಸಿದಳು. ಕರುಣಾಕರನ ಕಾಗೆಗಳು ದಿಕ್ಕಾಪಾಲಾದವು.

ನಾನು ಕೆಳಗೆ ನೋಡುತ್ತಾ ನಿಂತಿದ್ದೆ. ಅವಳು ವಿಮಾನದಿಂದ ಕಣ್ಣು ತೆಗೆಯದೆ ಹೇಳಿದಳು, "ಪಪ್ಪಾ, ನಿನ್ನೆಯದಕ್ಕೆ ಬೇಸರ ಮಾಡಬೇಡಿ. ಇದು ತುಂಬ ಸಣ್ಣದು. ಊಟ ಇಡ್ಲಿಕ್ಕೆ ಜಾಗವೇ ಇಲ್ಲ. ಅದಕ್ಕೇ ನಿಮಗೆ ಗೊತ್ತಾಗಲಿಲ್ಲ."

ಕಾಲಡಿಯ ಮರಳು ಸರಿದಂತಾಯಿತು. "ನಿನಗೆ... ಯಾರು ಹೇಳಿದ್ದು?"

"ಮಮ್ಮಿ."

ಇಮೆಲ್ಡಾ ಕಡಲನ್ನೇ ನೋಡುತ್ತಿದ್ದಳು. "ಹನ್ನೊಂದು ವರ್ಷದಿಂದ ನಿಮ್ಮ ಅಂಗಿ ಒಗೆಯುವವಳು ನಾನು. ಮೆಕ್ಯಾನಿಕನ ಅಂಗಿಯಲ್ಲಿ ಗ್ರೀಸಿನ ಕಲೆ ಇರಬೇಕಲ್ವಾ? ನಿಮ್ಮದರಲ್ಲಿ ಬರೇ ಟೊಮೆಟೊ ಸಾಸು."

"ಮತ್ತೆ ಕೇಳಲಿಲ್ಲ ಯಾಕೆ?"

"ನೀವಾಗಿಯೇ ಹೇಳ್ತೀರಿ ಅಂತ ಇದ್ದೆ."

ನಾನು ಮಗಳ ಕಡೆ ತಿರುಗಿದೆ. "ಶಾಲೆಯಲ್ಲಿ ಕೇಳಿದರೆ ಎಂತ ಹೇಳ್ತಿ?"

"ನನ್ನ ಪಪ್ಪ ಊಟ ಇಡುವವರೆಗೆ ವಿಮಾನ ಹೊರಡುವುದೇ ಇಲ್ಲ ಅಂತ," ಎಂದಳು ಬಹಳ ಹೆಮ್ಮೆಯಿಂದ. ಒಂದು ಕೈಯಿಂದ ನನ್ನ ಕೈಯನ್ನು ಹಿಡಿದು, ತಕ್ಷಣ ಬಿಟ್ಟು, ಮತ್ತೆ ರಿಮೋಟು ಹಿಡಿದಳು. "ನಾವು ಹಾರಿಸ್ತೇವೆ. ನೀವು ಎಂತಾದರೂ ತಿನ್ಲಿಕ್ಕೆ ತನ್ನಿ ಪಪ್ಪಾ, ಹಸಿವಾಗ್ತದೆ."

ರಸ್ತೆಬದಿಯ ಹೋಟೆಲಿಗೆ ಓಡಿದೆ. ಮೂರು ಪ್ಲೇಟು ಬಿಸಿ ಗೋಳಿಬಜೆಯನ್ನು ಒಂದು ಟ್ರೇಯಲ್ಲಿಟ್ಟು, ಮರಳಿನಲ್ಲಿ ಒಂದೂ ಬೀಳದಂತೆ ತಂದು, ಮೊದಲು ಪೈಲಟಿಗೆ, ಆಮೇಲೆ ಮೆಕ್ಯಾನಿಕಿಗೆ ಕೊಟ್ಟೆ.

ಮೆಕ್ಯಾನಿಕ್ ನನ್ನ ಅಂಗಿಯನ್ನು ನೋಡಿ ನಕ್ಕಳು. ಎದೆಯ ಮೇಲೆ ಅಂಗೈಯಗಲ ಚಟ್ನಿಯ ಕಲೆ!